ಪೂರ್ತಿ ಗೋಧಿ ಹಿಟ್ಟಲ್ಲಿ ಪೈ ಕ್ರಸ್ಟ್: ಯಾರಿಗಾದ್ರೂ ಹಗುರಾಗಿ ಬಂದಿದ್ಯಾ?

ನಾವಿರೋದು ನ್ಯೂಜೆರ್ಸಿ. ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಆಪಲ್ ಪೈ (ಒಳಗೆ ಸೇಬು ತುಂಬಿ ಓವನ್‌ನಲ್ಲಿ ಬೇಯಿಸೋದು) ಮಾಡೋ ಯೋಚನೆ. ಮನೆಗೆ ಮೈದಾ ತರಲ್ಲ. ಚಪಾತಿ ಹಿಟ್ಟಲ್ಲಿ ಮಾಡಿದ್ರೆ ಕ್ರಸ್ಟ್, ಅಂದ್ರೆ ಹೊರಗಿನ ಹಿಟ್ಟಿನ ಪದರ, ಗಟ್ಟಿಯಾಗುತ್ತೆ, ಲಟ್ಟಿಸುವಾಗ ಅಂಚೆಲ್ಲ ಬಿರಿಯುತ್ತೆ. ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.

—

ಮೊದಲು ಹಿಟ್ಟು ಬದಲಾಯಿಸಿ. ಚಪಾತಿ ಹಿಟ್ಟು ನುಣ್ಣಗೆ ಬೀಸಿದ್ದು, ನೀರು ಜಾಸ್ತಿ ಕುಡಿಯುತ್ತೆ, ನಾದಿದಷ್ಟೂ ಜಿಗುಟು ಬರುತ್ತೆ. ಚಪಾತಿಗೆ ಅದೇ ಬೇಕು, ಪೈಗೆ ಅದೇ ಬೇಡ. ನಿಮ್ಮಲ್ಲಿ ‘ಹೋಲ್ ವೀಟ್ ಪೇಸ್ಟ್ರಿ ಫ್ಲೋರ್’ ಸಿಗುತ್ತೆ. ಮೆದು ಗೋಧಿಯದು, ಪೂರ್ತಿ ಗೋಧಿನೇ.

9 ಇಂಚಿನ ತಟ್ಟೆಗೆ ಒಂದು ಪದರಕ್ಕೆ ನನ್ನ ಅಳತೆ: ಹಿಟ್ಟು 170 ಗ್ರಾಂ, ಉಪ್ಪಿಲ್ಲದ ಬೆಣ್ಣೆ ಒಂದು ಸ್ಟಿಕ್ (113 ಗ್ರಾಂ), ಅರ್ಧ ಚಮಚ ಉಪ್ಪು, ಐಸ್ ನೀರು ನಾಲ್ಕೈದು ಟೇಬಲ್ ಚಮಚ. ಆಪಲ್ ಪೈಗೆ ಮೇಲೂ ಮುಚ್ಚಬೇಕಲ್ಲ, ಎಲ್ಲ ಎರಡರಷ್ಟು ಮಾಡ್ಕೊಳ್ಳಿ. ಫ್ರಿಜ್ಜಿಂದ ಆಗಷ್ಟೇ ತೆಗೆದ ಬೆಣ್ಣೆಯನ್ನ ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ, ಬಟಾಣಿ ಗಾತ್ರದ ಚೂರು ಉಳಿದಾಗ್ಲೇ ನಿಲ್ಲಿಸಿ. ಓವನ್‌ನಲ್ಲಿ ಆ ಚೂರು ಕರಗಿದ ಜಾಗ ಟೊಳ್ಳಾಗಿ, ಬೆಣ್ಣೆಯಲ್ಲಿರೋ ನೀರು ಆವಿಯಾಗಿ ಉಬ್ಬಿಸಿದಾಗಲೇ ಪದರ ಬಿಡೋದು. ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಚುಕಿದ್ರೆ ಉಂಡೆ ಕಟ್ಟಿದ್ರೆ ಸಾಕು. ಹೋಳಿಗೆ ಕಣಕ ನಾದಿದ ಕೈಗೆ ಅಲ್ಲಿ ನಿಲ್ಲಿಸೋದೇ ಕಷ್ಟ!

ಅಂಚು ಬಿರಿಯೋದು ತೌಡು ನೀರು ಹೀರೋಕೆ ಮುಂಚೆನೇ ಲಟ್ಟಿಸೋದರಿಂದ. ಬಿಲ್ಲೆ ತಟ್ಟಿ, ಸುತ್ತಿ, ಫ್ರಿಜ್ಜಲ್ಲಿ ಒಂದು ಗಂಟೆ ಇಡಿ. ಎರಡು ಬಟರ್ ಪೇಪರ್ ಮಧ್ಯೆ ಲಟ್ಟಿಸಿದ್ರೆ ಒಣಹಿಟ್ಟೂ ಬೇಡ.

—

ಬೆಣ್ಣೆ ಬದಲು ತುಪ್ಪ ಆಗಲ್ವಾ ಅಕ್ಕ? ಮನೆಯಲ್ಲಿ ಬೇಕಾದಷ್ಟಿದೆ.

—

ಆಗುತ್ತಮ್ಮ, ಗಟ್ಟಿ ತುಪ್ಪ ಆದ್ರೆ. ಆದ್ರೆ ತುಪ್ಪದಲ್ಲಿ ನೀರಿನಂಶ ಇರಲ್ಲ, ಪದರಕ್ಕಿಂತ ಬಿಸ್ಕತ್ತಿನ ಹಾಗೆ ಪುಡಿಪುಡಿ ಬರುತ್ತೆ. ನನಗಂತೂ ಕುಂಬಳಕಾಯಿ ಪೈಗೆ ಅದೇ ಇಷ್ಟ.

—

ಬೆಂಗಳೂರಲ್ಲಿ ಆ ಪೇಸ್ಟ್ರಿ ಹಿಟ್ಟು ಹುಡುಕಿ ಸುಸ್ತಾಗೋ ಬದಲು ಚಪಾತಿ ಹಿಟ್ಟನ್ನೇ ಸಣ್ಣ ಜರಡಿಯಲ್ಲಿ ಆಡಿಸ್ತೀನಿ. ಉಳಿದ ತೌಡು ಮಾರನೇ ದಿನದ ರೊಟ್ಟಿಗೆ. ಪೂರ್ತಿ ಗೋಧಿ ಅನ್ನೋ ಹಟ ಇದ್ದೋರಿಗೆ ಇದು ಒಪ್ಪಿಗೆಯಾಗಲ್ಲ, ಗೊತ್ತು. ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಅಂತಾರೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಉಪ್ಪಿರೋ ಬೆಣ್ಣೆನೇ ಸಿಕ್ಕಿದ್ರೆ ಬೇರೆ ಉಪ್ಪು ಹಾಕ್ಬೇಡಿ. ಏಪ್ರಿಲ್ ಸೆಕೆಗೆ ಹಿಟ್ಟನ್ನೂ ಫ್ರೀಜರಲ್ಲಿಟ್ಟೇ ಶುರುಮಾಡೋದು.

—

ತಳ ಹಸಿಯಾಗಿ ಉಳಿಯೋದರ ಬಗ್ಗೆ ಯಾರೂ ಹೇಳಿಲ್ಲ. ಓವನ್‌ನ ಕೆಳಗಿನ ಹಂತದಲ್ಲಿಡಿ. 425 ಫ್ಯಾರನ್‌ಹೀಟ್‌ನಲ್ಲಿ 20 ನಿಮಿಷ, ಆಮೇಲೆ 375ಕ್ಕೆ ಇಳಿಸಿ ಸೇಬಿನ ರಸ ಮಧ್ಯದಲ್ಲೂ ಕುದಿಯೋವರೆಗೆ. ಗೋಧಿ ಕ್ರಸ್ಟ್ ಹಿಟ್ಟಿನ ಬಣ್ಣಕ್ಕೇ ಕಂದಾಗಿ ಕಾಣುತ್ತೆ, ಬಣ್ಣ ನೋಡಿ ಬೇಗ ತೆಗೀಬೇಡಿ. ಕುಂಬಳಕಾಯಿ ಪೈ ಆದ್ರೆ ಕ್ರಸ್ಟ್ ಮೇಲೆ ಕಾಗದ ಹಾಸಿ, ಭಾರಕ್ಕೆ ಕಡಲೆಕಾಳು ತುಂಬಿ ಮೊದಲೇ ಅರೆಬೇಯಿಸಿ. ಗಾಜಿನ ತಟ್ಟೆಯನ್ನ ಫ್ರೀಜರಿಂದ ಸೀದಾ ಬಿಸಿ ಓವನ್‌ಗೆ ಇಡಬೇಡಿ, ಒಡೆಯುತ್ತೆ. ಕತ್ತರಿಸೋಕೆ ಮುಂಚೆ ಮೂರು ಗಂಟೆನಾದ್ರೂ ಆರಲಿ, ಇಲ್ಲಾಂದ್ರೆ ರಸ ಎಲ್ಲ ಹರಿದು ತಳ ಮತ್ತೆ ಮೆತ್ತಗಾಗುತ್ತೆ.