ಪದಚರ್ಚೆ: ಮೂಡು, ತೆಂಕು, ಪಡು, ಬಡಗು

‘ಮೂಡಣದಲ್ಲಿ ಸೂರ್ಯ ಹುಟ್ಟಿದ’ ಎಂದು ಬರೆಯಬಹುದೇ? ಬರೆಯದಿರುವುದೇ ಲೇಸು. ಮೂಡಣ, ತೆಂಕಣ, ಪಡುವಣ, ಬಡಗಣ (ಕ್ರಮವಾಗಿ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ದಿಕ್ಕಿನ) ಎಂಬ ರೂಪಗಳು ಇನ್ನೊಂದು ಪದಕ್ಕೆ ಮೊದಲು ನಿಲ್ಲುವಂಥವು: ಮೂಡಣ ಬಾಗಿಲು, ಪಡುವಣ ಗಾಳಿ. ಅವುಗಳಲ್ಲೇ ‘ಆ ದಿಕ್ಕಿನ’ ಎಂಬ ಅರ್ಥ ಅಡಗಿರುವುದರಿಂದ ‘ಮೂಡಣದ ಬಾಗಿಲು’ ಎಂದರೆ ಷಷ್ಠಿಯ ಮೇಲೆ ಷಷ್ಠಿ ಹೇರಿದಂತೆ. ದಿಕ್ಕನ್ನೇ ಹೆಸರಿಸುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಇವೆ. ವಿಭಕ್ತಿ ಇವಕ್ಕೇ ಹತ್ತಬೇಕು: ‘ಹೊಲದ ಮೂಡಲಿಗೆ ಕೆರೆ, ತೆಂಕಲಿಗೆ ಬಂಡಿದಾರಿ.’ ದಾನಶಾಸನಗಳು ಭೂಮಿಯ ಎಲ್ಲೆ ಹೇಳುವುದು ಈ ಪದಗಳಿಂದಲೇ. ಸಾಮಾನ್ಯವಾಗಿ ಮೂಡಲಿಂದ ಹೊರಟು ಬಲಸುತ್ತು ಬಂದು ಬಡಗಲಿಗೆ ಮುಗಿಸುತ್ತವೆ.

ಸಮಾಸದಲ್ಲಿ ಬರಿಯ ಮೂಲರೂಪ ಸಾಕು. ಪಡು + ಕಡಲು = ಪಡುಗಡಲು; ಇಲ್ಲಿ ಕಕಾರ ಗಕಾರವಾಗುವುದನ್ನು ಮರೆತು ‘ಪಡುಕಡಲು’ ಎಂದು ಬರೆಯುವವರಿದ್ದಾರೆ. ಸಮಾಸವಲ್ಲದ, ಮೇಲೆ ಹೇಳಿದ ‘ತೆಂಕಣ’ ರೂಪವಿರುವ ಪಂಪನ ‘ತೆಂಕಣ ಗಾಳಿ’ಯಂತೂ ಇಂದಿಗೂ ಹಾಗೇ ಬಳಸಲು ಬರುತ್ತದೆ.

ಮೂಡು ಎಂದರೆ ಹುಟ್ಟು, ಮೇಲೇಳು. ಪಡು ಎಂದರೆ ಬೀಳು, ಮುಳುಗು. ಹೊತ್ತು ಮೂಡುವ ಕಡೆ ಮೂಡು, ಪಡುವ ಕಡೆ ಪಡು. ಪದವೇ ಅರ್ಥ ಹೇಳುತ್ತದೆ. ಸಂಸ್ಕೃತದಿಂದ ಬಂದ ಪದಗಳಲ್ಲಿ ಗೊಂದಲ ಉಂಟು: ಪೂರ್ವ ಎಂದರೆ ‘ಹಿಂದಿನ’ ಎಂದೂ ಆಗುತ್ತದೆ, ಉತ್ತರ ಎಂದರೆ ‘ಜವಾಬು’ ಎಂದೂ ಆಗುತ್ತದೆ. ‘ಊರಿನ ಪೂರ್ವಸ್ಥಿತಿ’ ಎಂದಾಗ ಓದುಗ ಒಂದು ಗಳಿಗೆ ತಡವರಿಸುವುದು ಇದಕ್ಕೇ. ಆದರೆ ಬಡಗು ಬರೆಯುವಾಗ ‘ಬಡಗಿ’ ನೆನಪಾದರೆ ಹೆದರಬೇಕಿಲ್ಲ. ಮರಗೆಲಸದವನ ಹೆಸರು ‘ವರ್ಧಕಿ’ಯಿಂದ ಬಂದದ್ದು, ದಿಕ್ಕಿಗೂ ಅದಕ್ಕೂ ನಂಟಿಲ್ಲ. ನೀಲಗಿರಿಯ ಬಡಗರ ಹೆಸರು ಮಾತ್ರ ದಿಕ್ಕಿನದೇ: ಬಡಗಲಿಂದ ಬಂದವರು.

ಈ ಪದಗಳು ಸತ್ತಿಲ್ಲ, ಬರಹದಿಂದ ಹೊರಬಿದ್ದಿವೆ, ಅಷ್ಟೆ. ಕರಾವಳಿಯಲ್ಲಿ ಮೂಡುಬಿದಿರೆ–ಪಡುಬಿದ್ರಿ, ಮೂಡುಶೆಡ್ಡೆ–ಪಡುಶೆಡ್ಡೆ, ತೆಂಕಮಿಜಾರು–ಬಡಗಮಿಜಾರು ಎಂಬ ಜೋಡಿ ಊರುಗಳಿವೆ. ಯಕ್ಷಗಾನಕ್ಕೆ ತೆಂಕುತಿಟ್ಟು, ಬಡಗುತಿಟ್ಟು, ಬಯಲುಸೀಮೆಯದು ಮೂಡಲಪಾಯ. ಮುಳಬಾಗಿಲು ‘ಮೂಡಲ ಬಾಗಿಲು’ ಸವೆದು ಆದದ್ದು. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ ದಿನಬಳಕೆಯ ಮಾತು. ಹಳೇ ಮೈಸೂರಿನ ರೈತರ ಬಾಯಲ್ಲಿ ಮೂಡ್ಲು, ತೆಂಕ್ಲು ಇನ್ನೂ ಕೇಳಿಸುತ್ತವೆ. ಹೀಗಿರುವಾಗ ಹವಾಮಾನ ವರದಿಯಲ್ಲಿ ‘ಬಡಗಣ ಒಳನಾಡು’, ಜಮೀನಿನ ಚಕ್ಕುಬಂದಿಯಲ್ಲಿ ‘ಪಡುವಲಿಗೆ ಹಳ್ಳ’ ಎಂದು ಬರೆದರೆ ಯಾರಿಗೂ ತೊಡಕಾಗದು. ಮೊದಮೊದಲು ನಕ್ಷೆಯೊಂದನ್ನು ಜೊತೆಗಿಟ್ಟರೆ ಸಾಕು.

ಉಳಿದ ತೊಡಕು ಮೂಲೆಗಳದ್ದು. ಶಾಸನಗಳಲ್ಲೂ ಅಲ್ಲಿ ಈಶಾನ್ಯ, ಆಗ್ನೇಯ ಎಂಬ ಪದಗಳು ಕಾಣುತ್ತವೆ. ‘ಬಡಗುಮೂಡು’, ‘ತೆಂಕುಮೂಡು’ ಎಂದು ಕಟ್ಟಬಹುದು. ಆದರೆ ಆಡುಮಾತಿನದೇ ಸಿಕ್ಕರೆ ಅದಕ್ಕೇ ಮೊದಲ ಮಣೆ. ನಿಮ್ಮ ಊರಲ್ಲಿ ಹೊಲದ ಮೂಲೆಯ ದಿಕ್ಕಿಗೆ ಏನನ್ನುತ್ತಾರೆ? ತಾಲ್ಲೂಕಿನ ಹೆಸರು ಸೇರಿಸಿ, ಉಚ್ಚಾರ ಇದ್ದಂತೆಯೇ ಬರೆಯಿರಿ.