ಸಹಾಯ ಬೇಕು: ಅಮ್ಮ ಒಪ್ಪಿದ್ದಾರೆ, ಮಗ ಬೇಡ ಅಂತಾನೆ

ನಮಸ್ಕಾರ. ಕಾರವಾರ, ಅಂಕೋಲಾ ಕಡೆ ಮಾನಸಿಕ ಆರೋಗ್ಯದ ವರದಿ ಮಾಡ್ತೇನೆ. ಖಿನ್ನತೆಗೆ ಚಿಕಿತ್ಸೆ ತಗೊಳ್ತಿರೋ ಮೀನು ಮಾರುವ ಅಕ್ಕ ಒಬ್ರು 'ನನ್ನ ವಿಷಯ ಬರೀರಿ' ಅಂತ ತಾವೇ ಸಹಿ ಹಾಕಿ ಕೊಟ್ಟಿದ್ದಾರೆ. ಈಗ ಅವರ ಮಗ, ತಂಗಿಯ ಮದುವೆ ಮಾತುಕತೆ ನಡೀತಿದೆ, ಬೇಡ ಅಂತಾನೆ. ಹೆಸರು, ಫೋಟೊ ಹೇಗೂ ಹಾಕೋದಿಲ್ಲ. ಆದ್ರೆ ನಮ್ಮ ಕಡೆ ಕೇರಿ, ಪೇಟೆ ಇಷ್ಟು ಬರೆದ್ರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತಾಗ್ತದೆ. ಅದನ್ನೆಲ್ಲ ತೆಗೆದು ಬರೆದು ನೋಡಿದೆ, ಸರ್ಕಾರಿ ಕರಪತ್ರದ ಹಾಗೆ ಆಯ್ತು!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್ ಓದಿದೆ. ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವವರ ಮಾಹಿತಿ ಮಾಧ್ಯಮಕ್ಕೆ ಹೋಗಲು ಅವರದೇ ಒಪ್ಪಿಗೆ ಬೇಕು ಅಂತಿದೆ, ಮನೆಯವರ ಮಾತು ಅಲ್ಲಿಲ್ಲ. ಸಂಪಾದಕರು 'ನೀವೇ ನೋಡಿ' ಅಂದುಬಿಟ್ರು.

ಇಂಥದ್ದು ಎದುರಿಸಿದ ವರದಿಗಾರರು, ಆಪ್ತಸಮಾಲೋಚಕರು ಹೇಳಿ: ಅಕ್ಕನ ಒಪ್ಪಿಗೆ ಒಂದೇ ಸಾಕಾ, ಅಥವಾ ಮಗನೂ ಒಪ್ಪುವ ತನಕ ವರದಿ ತಡೆಹಿಡೀಬೇಕಾ?