ಅಪ್‌ಡೇಟ್: ಪ್ರೀಪೇಯ್ಡ್ ಕಾರ್ಡ್‌ನಲ್ಲಿ ಮನೆ ಬಿಲ್
ಕರೆಂಟು, ನೀರು, ಇಂಟರ್ನೆಟ್ ಬಿಲ್ಲುಗಳನ್ನು ಪ್ರೀಪೇಯ್ಡ್ ಕಾರ್ಡ್‌ನಲ್ಲಿ (ಮೊದಲೇ ದುಡ್ಡು ತುಂಬಿಟ್ಟು ಬಳಸುವ ಕಾರ್ಡ್) ಕಟ್ಟಬಹುದಾ ಅಂತ ಕೇಳಿದ್ದೆ. ಕಟ್ಟಬಹುದು, ಈಗ ಕಟ್ಟುತ್ತಿದ್ದೇನೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೊದಲು ಕರೆಂಟ್ ಬಿಲ್ ರಿಜೆಕ್ಟ್ ಆಗುತ್ತಿತ್ತು. ಬಿಲ್ಲಿನಷ್ಟು ದುಡ್ಡು ಕಾರ್ಡ್‌ನಲ್ಲಿತ್ತು. ಆದರೆ ಪೇಮೆಂಟ್ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸೇವಾ ಶುಲ್ಕ ಸೇರಿಕೊಳ್ಳುತ್ತಿತ್ತು. ಒಟ್ಟು ಮೊತ್ತಕ್ಕೆ ಚೂರು ಕಡಿಮೆಯಿದ್ದರೂ ಪೇಮೆಂಟ್ ಹೋಗಲ್ಲ. ಸ್ವಲ್ಪ ಜಾಸ್ತಿ ತುಂಬಿದೆ, ತಕ್ಷಣ ಹೋಯಿತು.

ಇಂಟರ್ನೆಟ್‌ನವರು ಮಾತ್ರ ಆಟೋ ಪೇಗೆ ಈ ಕಾರ್ಡ್ ಒಪ್ಪಲಿಲ್ಲ. ಪ್ರತಿ ತಿಂಗಳು ನಾನೇ ಕಟ್ಟುತ್ತೇನೆ. ನನಗೆ ಅದೇ ಇಷ್ಟ, ಖರ್ಚು ಕಣ್ಣಿಗೆ ಕಾಣುತ್ತದೆ ಅಲ್ವಾ.

ಇನ್ನೊಂದು ವಿಷಯ. ದುಡ್ಡು ಖಾಲಿಯಾಯಿತು ಅಂತ ಕಾರ್ಡ್ ಬಿಸಾಡಬೇಡಿ. ರೀಫಂಡ್ ಬಂದರೆ ಸಾಮಾನ್ಯವಾಗಿ ಅದೇ ಕಾರ್ಡ್‌ಗೇ ಬರುತ್ತದೆ.